ದಂಡ ಬಿದ್ದರೆ ಸಾಲ ಮನ್ನಾ ಆಗುವುದೇ?

"ಸಾಲ ಕೊಟ್ಟ ಕಂಪೆನಿಗೇ ರಿಸರ್ವ್ ಬ್ಯಾಂಕ್ ದಂಡ ಹಾಕಿದೆಯಂತೆ. ಇನ್ನು ನಾವು ಕಂತು ಕಟ್ಟಬೇಕಾಗಿಲ್ಲವಲ್ಲ?" ಪತ್ರಿಕೆಯಲ್ಲಿ ಇಂತಹ ಸುದ್ದಿ ಓದಿದಾಗ ನೀವೂ ಹೀಗೆ ಯೋಚಿಸಿರಬಹುದು. ಹಾಗೆ ನಂಬಿ ಕಂತು ನಿಲ್ಲಿಸಿದರೆ ಕಷ್ಟ ನಿಮಗೇ. (ಬಡ್ಡಿ ಸಾಲಕ್ಕೆ ಕೈ ಹಾಕಲೇಬಾರದಿತ್ತು ಎಂಬುದು ಬೇರೆ ಮಾತು. ಈಗಾಗಲೇ ಸಿಲುಕಿಕೊಂಡವರಿಗಾಗಿ ಈ ಬರಹ.)

ಒಂದು ಉದಾಹರಣೆ ನೋಡಿ. 2021ರ ಜನವರಿಯಲ್ಲಿ ಬಜಾಜ್ ಫೈನಾನ್ಸ್ ಕಂಪೆನಿಗೆ ರಿಸರ್ವ್ ಬ್ಯಾಂಕ್ ಎರಡೂವರೆ ಕೋಟಿ ರೂಪಾಯಿ ದಂಡ ವಿಧಿಸಿತು. ವಸೂಲಿ ಏಜೆಂಟರು ಗ್ರಾಹಕರಿಗೆ ಕಿರುಕುಳ ಕೊಡದಂತೆ, ಬೆದರಿಸದಂತೆ ಕಂಪೆನಿ ನೋಡಿಕೊಳ್ಳಲಿಲ್ಲ ಎಂಬುದು ಆರೋಪ. ಈ ದಂಡ ಒಂದೇ ದಿನದಲ್ಲಿ ಬಿದ್ದದ್ದಲ್ಲ. ವಸೂಲಿಯ ರೀತಿಯ ಬಗ್ಗೆ ಮತ್ತೆ ಮತ್ತೆ ದೂರುಗಳು ಬಂದಿದ್ದವು. ಆಗ 'ನಿಮಗೆ ದಂಡ ಏಕೆ ವಿಧಿಸಬಾರದು, ಕಾರಣ ತಿಳಿಸಿ' ಎಂದು ನೋಟೀಸು ಹೋಯಿತು. ಕಂಪೆನಿ ಉತ್ತರ ಕೊಟ್ಟಿತು. ಖುದ್ದು ವಿಚಾರಣೆಯಲ್ಲಿ ಅದರ ಮಾತನ್ನೂ ಕೇಳಲಾಯಿತು. ಆರೋಪ ನಿಜವೆಂದು ಕಂಡುಬಂದ ಮೇಲಷ್ಟೇ ಆದೇಶ ಹೊರಟಿತು, ಪತ್ರಿಕಾ ಪ್ರಕಟಣೆ ಬಂತು. ಬ್ಯಾಂಕುಗಳಿಗೆ ದಂಡ ಹಾಕುವ ಕಾಯ್ದೆ ಬೇರೆಯಾದರೂ ಕ್ರಮ ಇದೇ.

ಇಂತಹ ಪ್ರಕಟಣೆಗಳಲ್ಲಿ ಹೆಚ್ಚಿನವರು ಓದದೆ ಬಿಡುವ ಒಂದು ಸಾಲಿರುತ್ತದೆ. ನಿಯಮ ಪಾಲಿಸದ್ದಕ್ಕಾಗಿ ಈ ಕ್ರಮವೇ ಹೊರತು, ಗ್ರಾಹಕರೊಂದಿಗಿನ ಒಪ್ಪಂದ ಸರಿಯೋ ತಪ್ಪೋ ಎಂಬ ತೀರ್ಪಲ್ಲ ಎಂಬುದು ಅದರ ಸಾರ. ಅಂದರೆ ಸಾಲ ಹಾಗೆಯೇ ಉಳಿಯುತ್ತದೆ. ಮನೆ ಬಾಗಿಲಲ್ಲಿ ಅವಮಾನ ಉಂಡ ಹೆಣ್ಣುಮಗಳಿಗೆ ಆ ದಂಡದ ಹಣದಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಇದು ನ್ಯಾಯವೇ ಎಂದು ನೀವು ಕೇಳಿದರೆ, ಅರ್ಧ ನ್ಯಾಯ ಎಂದಷ್ಟೇ ಹೇಳಬಲ್ಲೆ.

ಉಳಿದರ್ಧವನ್ನು ನೀವೇ ಕೇಳಿ ಪಡೆಯಬೇಕು. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾನಸಿಕ ಹಿಂಸೆಗೂ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

ಸಂಘದ ಮೂಲಕ ಪಡೆದ ಮೈಕ್ರೋಫೈನಾನ್ಸ್ ಸಾಲವಾದರೆ 2022ರ ರಿಸರ್ವ್ ಬ್ಯಾಂಕ್ ನಿರ್ದೇಶನ ನೆನಪಿರಲಿ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಕರೆ ಮಾಡುವಂತಿಲ್ಲ. ಕೆಟ್ಟ ಮಾತು ಆಡುವಂತಿಲ್ಲ. ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ಕರೆ ಬಂದ ದಿನ, ಗಂಟೆ, ನಂಬರು, ಆಡಿದ ಮಾತು ಎಲ್ಲವನ್ನೂ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ. ಕಂತು ಕಟ್ಟಿದ ರಸೀದಿಗಳೂ ಅದರಲ್ಲೇ ಇರಲಿ.