ಒಂದೇ ಜಿಆರ್, ಸಾವಿರ ಪ್ರತಿ: ಕ್ಲೌಡ್‌ನಲ್ಲಿ ಜಾಗ ಉಳಿಸುವ ಬಗೆ

ಹೋಟಗಿ: ಪೀಕ್ ವಿಮೆಯ ಬಗ್ಗೆ ಸರ್ಕಾರದ ಜಿಆರ್ ಒಂದು ಬಂತು ಎನ್ನಿ. 2 ಎಂಬಿಯ ಆ ಪಿಡಿಎಫ್ ಸಂಜೆಯೊಳಗೆ ಹೋಟಗಿ, ಅಕ್ಕಲಕೋಟೆ ಕಡೆಯ ಸಾವಿರ ಮೊಬೈಲುಗಳಿಗೆ ತಲುಪುತ್ತದೆ. ಸಾವಿರ ಜನರೂ ಅದನ್ನು ಕ್ಲೌಡ್‌ಗೆ, ಅಂದರೆ ಕಂಪನಿಯೊಂದರ ದೂರದ ಸರ್ವರ್‌ಗಳಿಗೆ, ಏರಿಸಿದರೆ 2,000 ಎಂಬಿ. ಡಿಸ್ಕ್ ಕೆಟ್ಟೀತೆಂದು ಕಂಪನಿ ಪ್ರತಿಯೊಂದನ್ನೂ ಮೂರು ಯಂತ್ರಗಳಲ್ಲಿ ಇಟ್ಟರೆ 6,000 ಎಂಬಿ. ನಿಜವಾದ ಮಾಹಿತಿ ಮಾತ್ರ ಎರಡೇ ಎಂಬಿ!

ಈ ದಂಡದ ಪ್ರತಿಗಳನ್ನು ತೆಗೆಯುವ ಕ್ರಮಕ್ಕೆ ಡಿಡ್ಯೂಪ್ಲಿಕೇಶನ್ ಎನ್ನುತ್ತಾರೆ. ಹೆಸರು ಬಾಯಿಗೆ ಕಷ್ಟ, ಕೆಲಸ ಸರಳ. ಕಡತವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಲೆಕ್ಕ ಹಾಕಿ ಒಂದು ಗುರುತಿನ ಸಂಖ್ಯೆ ತೆಗೆಯುತ್ತಾರೆ. ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಅದೇ ಗುರುತಿನ ತುಂಡು ಮೊದಲೇ ಇದ್ದರೆ ಮತ್ತೆ ಬರೆಯುವುದಿಲ್ಲ. ಅದು ಎಲ್ಲಿದೆ ಎಂದು ನಮೂದಿಸಿದರೆ ಸಾಕು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ 'ವೆಂಟಿ' ಸಂಗ್ರಹ ವ್ಯವಸ್ಥೆ ಹೀಗೇ ನಡೆಯುತ್ತಿತ್ತು.

ಹೋಟಗಿಯವರಿಗೆ ಇದು ಹೊಸದಲ್ಲ. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ರೈಲೂ ವಾಡಿಗೆ ಹೋಗುವ ರೈಲೂ ಹೋಟಗಿ ಜಂಕ್ಷನ್‌ವರೆಗೆ ಒಂದೇ ಮಾರ್ಗದಲ್ಲಿ ಬಂದು ಇಲ್ಲಿ ಕವಲೊಡೆಯುತ್ತವೆ. ಎರಡು ಊರಿಗೆಂದು ಸೊಲ್ಲಾಪುರದಿಂದಲೇ ಬೇರೆ ಬೇರೆ ಹಳಿ ಹಾಕಿಲ್ಲ. ಎರಡು ಕಡತಗಳಲ್ಲಿ ಅರ್ಧ ಭಾಗ ಒಂದೇ ಆಗಿದ್ದರೆ ಆ ಅರ್ಧಕ್ಕೂ ಹೀಗೆಯೇ.

ಒಬ್ಬರು ಅಳಿಸಿದರೆ ಉಳಿದವರ ಗತಿ? ಅಳಿಸಿದವರ ನಮೂದು ಮಾತ್ರ ಹೋಗುತ್ತದೆ. ಕೊನೆಯ ನಮೂದೂ ಹೋದ ಮೇಲೆಯೇ ತುಂಡನ್ನು ತೆಗೆಯುತ್ತಾರೆ.

ಆದರೆ ಯಂತ್ರಕ್ಕೆ ಓದಲು ಬರುವುದಿಲ್ಲ. ಒಂದೇ ಸಾತಬಾರಾ ಉತಾರದ ಫೋಟೋವನ್ನು ಎರಡು ಸಲ ತೆಗೆದರೆ ಅದರ ಲೆಕ್ಕದಲ್ಲಿ ಎರಡು ಬೇರೆ ಕಡತ. ವಾಟ್ಸಾಪ್ ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸಿ ಕಳಿಸುವುದರಿಂದ ಅದೂ ಬೇರೆಯೇ. ಡಾಕ್ಯುಮೆಂಟ್ ಎಂದು ಕಳಿಸಿದ ಪಿಡಿಎಫ್ ಮಾತ್ರ ಇದ್ದಂತೆಯೇ ತಲುಪುತ್ತದೆ.

ಇನ್ನು, ಎಲ್ಲ ಪ್ರತಿಗಳೂ ದಂಡವಲ್ಲ. ಸಾವಿರ ಜನರ ಜಿಆರ್ ಒಂದೇ ಡಿಸ್ಕಿನಲ್ಲಿದ್ದು ಅದು ಕೆಟ್ಟರೆ ಸಾವಿರ ಜನರದ್ದೂ ಹೋಯಿತು. ಆದ್ದರಿಂದ ಉಳಿದ ಒಂದಕ್ಕೆ ಕಾವಲು ಬೇಕೇ ಬೇಕು. ಮೂರು ಪ್ರತಿ ಇಟ್ಟರೆ 6 ಎಂಬಿ. ಅದಕ್ಕಿಂತ ಅಗ್ಗದ ದಾರಿಯೂ ಇದೆ. ಕಡತವನ್ನು 10 ಭಾಗ ಮಾಡಿ, ಗಣಿತದಿಂದ ಇನ್ನೂ 4 ಭಾಗ ಸೇರಿಸಿ, 14ನ್ನೂ ಬೇರೆ ಬೇರೆ ಯಂತ್ರಗಳಿಗೆ ಹಂಚುವುದು. ಯಾವ 4 ಹೋದರೂ ಉಳಿದ 10ರಿಂದ ಪೂರ್ತಿ ಕಡತ ಮರಳಿ ಬರುತ್ತದೆ. ಖರ್ಚು 2.8 ಎಂಬಿ ಮಾತ್ರ. ಈ ಗಣಿತವನ್ನು ರೀಡ್ ಮತ್ತು ಸಾಲೊಮನ್ 1960ರಲ್ಲೇ ಪ್ರಕಟಿಸಿದ್ದರು. ಫೇಸ್‌ಬುಕ್ ತನ್ನ ಹಳೆಯ ಚಿತ್ರಗಳಿಗೆ ಇದನ್ನು ಬಳಸುವುದಾಗಿ 2014ರಲ್ಲಿ ವಿವರಿಸಿತು.

ಕಂಪನಿಗೆ ಉಳಿದ ಜಾಗ ಗ್ರಾಹಕರಿಗೆ ಸಿಕ್ಕಿತು ಎಂದಲ್ಲ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೋ ಎಲ್ಲವೂ ಹಿಡಿಸಬೇಕು. 2021ರ ಜೂನ್‌ನಿಂದ ಹೊಸ ಫೋಟೋಗಳೂ, 2024ರಿಂದ ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಬರುತ್ತವೆ. ಜಿಆರ್‌ನಂಥ ಕಡತವನ್ನು ಒಬ್ಬರೇ ಡ್ರೈವ್‌ಗೆ ಏರಿಸಿ ಉಳಿದವರಿಗೆ ಲಿಂಕ್ ಕಳಿಸಿದರೆ ಏರಿಸಿದವರ ಜಾಗ ಮಾತ್ರ ಖರ್ಚಾಗುತ್ತದೆ. ಆದರೆ ಅವರು ಪೂರ್ತಿ ಅಳಿಸಿದರೆ ಎಲ್ಲರಿಗೂ ಲಿಂಕ್ ಬಂದ್. ಸ್ವಂತ ಹೊಲದ ಉತಾರಕ್ಕೆ ಮಾತ್ರ ಇನ್ನೊಬ್ಬರ ಲಿಂಕ್ ನಂಬಿ ಕೂರದೆ ತಮ್ಮದೊಂದು ಪ್ರತಿ ಇಟ್ಟುಕೊಳ್ಳುವುದೇ ಸರಿ.