ತಿಂಗಳ ಕೊನೆಗೆ ಮೈಸೂರು

ಇಂಟರ್ನಲ್ಸ್ ಮುಗಿದ ಮೇಲೆ ಕಡಿಮೆ ಖರ್ಚಲ್ಲಿ ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ನಾವು ಹೇಳೋದು ಮೈಸೂರು, ಅದೂ ಭಾನುವಾರ. ಅವತ್ತು ಸಂಜೆ 7ಕ್ಕೆ ಅರಮನೆಗೆ ದೀಪ ಹಾಕ್ತಾರೆ, ನೋಡೋಕೆ ಟಿಕೆಟ್ ಬೇಡ.

ಬೆಂಗಳೂರಿಂದ ಸುಮಾರು 140 ಕಿ.ಮೀ. ರೈಲಿನ ಜನರಲ್ ಬೋಗಿಯೇ ಅಗ್ಗ. ಆದರೆ 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ತಗೊಂಡರೆ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಆ ಟಿಕೆಟ್ ಹಿಡ್ಕೊಂಡು ಸ್ಲೀಪರ್ ಹತ್ತಿದ್ರೆ ವ್ಯತ್ಯಾಸದ ದರದ ಜೊತೆಗೆ ಕನಿಷ್ಠ 250 ರೂ. ದಂಡ. ಉಳಿಸಿದ್ದೆಲ್ಲ ಅಲ್ಲಿಗೇ ಹೋಯ್ತು!

ಗುಂಪಲ್ಲಿ ಹುಡುಗಿಯರೇ ಜಾಸ್ತಿ ಇದ್ದರೆ ಕೆಂಪು ಬಸ್ಸು ವಾಸಿ. ಶಕ್ತಿ ಯೋಜನೆಯಲ್ಲಿ ಅವರಿಗೆ ಉಚಿತ; ರಾಜಹಂಸ, ಐರಾವತದಲ್ಲಿ ಇಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಲೇಬೇಕು. ಹೊರರಾಜ್ಯದ ಆಧಾರ್ ಇರೋ ರೂಮ್‌ಮೇಟ್ ಟಿಕೆಟ್ ಕೊಳ್ಳಲೇಬೇಕಾಗುತ್ತೆ. ಇದು ಕಂಡಕ್ಟರ್ ಮುಂದೆ ಗೊತ್ತಾದ್ರೆ ಅವಳಿಗೆ ಮುಜುಗರ. ಅದಕ್ಕೇ ಮೊದಲೇ ಕೇಳಿ, ಒಟ್ಟು ಬಸ್ ಖರ್ಚನ್ನ ಹುಡುಗರು, ಹುಡುಗಿಯರು ಅನ್ನದೆ ತಲೆಗಿಷ್ಟು ಅಂತ ಹಂಚ್ಕೊಳ್ಳಿ. ನಮ್ಮ ಪ್ರಕಾರ ನ್ಯಾಯ ಅದೇ.

ಮೈಸೂರಲ್ಲಿ ಕಾಲೇ ಗಾಡಿ. ದೇವರಾಜ ಮಾರುಕಟ್ಟೆ ಸುತ್ತಿ, ಶಕ್ತಿ ಇದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ವಾಪಸ್ ರೈಲಿನ ಸಮಯ ಮಾತ್ರ ಬೆಳಿಗ್ಗೆಯೇ ನೋಡಿಟ್ಕೊಳ್ಳಿ. ದೀಪ ಆರಿದ್ಮೇಲೆ ಊರೆಲ್ಲ ಒಟ್ಟಿಗೇ ಹೊರಡುತ್ತೆ. ರೈಲು ತಪ್ಪಿದ್ರೆ ಸಬರ್ಬನ್ ಬಸ್ ಸ್ಟ್ಯಾಂಡ್ ಅರಮನೆಗೆ ಹತ್ತಿರದಲ್ಲೇ ಇದೆ.