ಮೊಳೆ ಕೊಯ್ದು ಮರ ಉಳಿಸುವ ಗರಗಸ

ಶೃಂಗೇರಿಯಿಂದ ಕೊಪ್ಪದ ಕಡೆಗೆ ಹೋಗುವಾಗ ಅಡಿಕೆ ತೋಟದ ನಡುವೆ ಇದ್ದ ಒಂದು ಹಂಚಿನ ಮನೆ ಬಿಚ್ಚುವ ಕೆಲಸ ಹೋದ ಬೇಸಿಗೆಯಲ್ಲಿ ನನಗೆ ಬಂತು. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಮ್ಮ. ಮೊದಲ ದಿನವೇ ಹೇಳಿಬಿಟ್ಟರು: "ಆಚಾರ್ರೇ, ಗೋಡೆ ಹೋದ್ರೆ ಹೋಗ್ಲಿ. ಮಾಡಿನ ಮರ ಮಾತ್ರ ಒಂದೂ ಸೀಳ್ಬಾರ್ದು. ಹೊಸ ಮನೆಗೂ ಇದನ್ನೇ ಹಾಕ್ಸೋದು."

ತಲೆಯೆತ್ತಿ ನೋಡಿದೆ. ಹೆಬ್ಬಲಸಿನ ತೊಲೆಗಳು, ಬೋಗಿ ಮರದ ಪಕಾಸುಗಳು, ಅಡುಗೆಮನೆ ಹೊಗೆ ಹಿಡಿದು ಕಪ್ಪಗೆ ಮಿರುಗುತ್ತಿದ್ದವು. ಅಂಥ ಮರ ಈಗ ದುಡ್ಡು ಹಿಡಿದು ಹೊರಟರೂ ಸಿಗುವುದಿಲ್ಲ.

ಹಳೇ ಮಾಡು ಬಿಚ್ಚುವವನಿಗೆ ದೊಡ್ಡ ಶತ್ರು ಮೊಳೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆಮೇಲೆ ಆ ಹಂಚು ಘಟ್ಟ ಹತ್ತಿ ನಮ್ಮ ಹುಲ್ಲಿನ, ಸೋಗೆಯ ಮಾಡುಗಳ ಜಾಗಕ್ಕೆ ಬಂತು. ಹಂಚು ಕೂರಬೇಕಾದರೆ ಅಳತೆ ತಪ್ಪದ ರೀಪು ಬೇಕು. ರೀಪು ಪ್ರತಿ ಪಕಾಸನ್ನು ದಾಟುವಲ್ಲೂ ಒಂದು ಮೊಳೆ ಬೇಕು. ಸಣ್ಣ ಮನೆಯಲ್ಲೂ ಹೀಗೆ ನೂರಾರು ಮೊಳೆ. ನಮ್ಮ ಮಳೆಗೆ ತುಕ್ಕು ಹಿಡಿದು ಅವು ಮರವನ್ನು ಕಚ್ಚಿಕೊಂಡಿರುತ್ತವೆ. ಹಾರೆ ಹಾಕಿ ಮೀಟಿದರೆ ಮೊಳೆ ಬರುವ ಮೊದಲೇ ರೀಪು ಸೀಳುತ್ತದೆ. ನಮ್ಮಪ್ಪ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ರೀಪು ಮತ್ತು ಪಕಾಸಿನ ಸಂದಿಗೆ ತೂರಿಸಿ, ಕೂತು ಮೊಳೆ ಕೊಯ್ಯುತ್ತಿದ್ದರು. ಸಂಜೆ ಹೊತ್ತಿಗೆ ಬೆರಳು ಮಡಿಸಲು ಆಗುತ್ತಿರಲಿಲ್ಲ.

ಅದೇ ಕೆಲಸ ಈಗ ರೆಸಿಪ್ರೊಕೇಟಿಂಗ್ ಸಾ ಮಾಡುತ್ತದೆ. ಅಂಗಡಿಗಳಲ್ಲಿ ಸೇಬರ್ ಸಾ ಎಂದೂ ಕರೆಯುತ್ತಾರೆ. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ ಇಂಥದ್ದನ್ನು ಸಾಜಾಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತ್ತು. ಹೊಲಿಗೆ ಮಿಷನ್ನಿನ ಸೂಜಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗೆ ಮೋಟಾರು ತಿರುಗುತ್ತದೆ, ಹೊರಗೆ ಬ್ಲೇಡು ಹಿಂದೆ ಮುಂದೆ ಓಡುತ್ತದೆ. ಒಂದು ಓಟ ಸುಮಾರು 28ರಿಂದ 32 ಮಿಲಿಮೀಟರ್. ನಿಮಿಷಕ್ಕೆ ಎರಡೂವರೆ ಸಾವಿರದಿಂದ ಮೂರು ಸಾವಿರ ಸಲ. ಗ್ರೈಂಡರಿನ ಹಾಗೆ ಕಿಡಿ ಹಾರಿಸುವುದಿಲ್ಲ. ಅಟ್ಟದ ತುಂಬ ಒಣಹುಲ್ಲು, ಅಡಿಕೆ ಸಿಪ್ಪೆ ಇರುವ ಮನೆಗಳಲ್ಲಿ ಕೆಲಸ ಮಾಡುವ ನನಗೆ ಈ ಒಂದು ಗುಣವೇ ಸಾಕು.

ಮಿಷನ್ ಯಾವ ಕಂಪನಿಯದು ತಗೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ಬ್ಲೇಡು ಯಾವುದು ಹಾಕಲಿ ಎಂದು ಕೇಳುವವರು ಕಡಿಮೆ. ಕೊಯ್ಯುವುದು ಬ್ಲೇಡು. ಅದರ ಬಾಲದ ಅಳತೆ ಬಹುಪಾಲು ಕಂಪನಿಗಳಿಗೆ ಒಂದೇ, ಹಾಗಾಗಿ ಒಬ್ಬರ ಬ್ಲೇಡು ಇನ್ನೊಬ್ಬರ ಮಿಷನ್ನಿಗೆ ಕೂರುತ್ತದೆ. ಮಿಷನ್ ಕೊಳ್ಳುವಾಗ ವೇಗ ಹೆಚ್ಚು ಕಡಿಮೆ ಮಾಡುವ ಸ್ವಿಚ್ಚು ಇದೆಯೇ, ಮರಕ್ಕೆ ಒತ್ತಿ ಹಿಡಿಯುವ ಮುಂದಿನ ಶೂ ಹಿಂದೆ ಮುಂದೆ ಸರಿಯುತ್ತದೆಯೇ ಎಂಬುದನ್ನು ನೋಡಿ. ಕರೆಂಟಿನದ್ದು ಮೂರು, ನಾಲ್ಕು ಕಿಲೋ ತೂಗುತ್ತದೆ; ಏಣಿಯ ಮೇಲೆ ಬ್ಯಾಟರಿಯದ್ದು ಆರಾಮ, ಆದರೆ ದಪ್ಪ ಮರಕ್ಕೆ ಹಿಡಿದರೆ ಚಾರ್ಜು ಬೇಗ ಇಳಿಯುತ್ತದೆ. ಮಿಷನ್ನಿನ ಬಗ್ಗೆ ಇಷ್ಟು ಸಾಕು.

ಬ್ಲೇಡಿನ ಮೇಲೆ ಟಿ.ಪಿ.ಐ. ಎಂದು ಬರೆದಿರುತ್ತದೆ, ಅಂದರೆ ಇಂಚಿಗೆ ಎಷ್ಟು ಹಲ್ಲು ಎಂದು. ಮರಕ್ಕೆ ದೊಡ್ಡ ಹಲ್ಲು, 5ರಿಂದ 8. ಹಲ್ಲುಗಳ ನಡುವಿನ ಗುಳಿಯಲ್ಲಿ ಪುಡಿ ತುಂಬಿ ಹೊರಗೆ ಬರಬೇಕು, ಇಲ್ಲದಿದ್ದರೆ ಒಳಗೇ ಉಜ್ಜಿ ಮರ ಸುಟ್ಟ ವಾಸನೆ ಹೊಡೆಯುತ್ತದೆ. ಕಬ್ಬಿಣಕ್ಕೆ ಸಣ್ಣ ಹಲ್ಲು. ಕೊಯ್ಯುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲು ಇರಬೇಕು ಎಂಬುದು ಲೆಕ್ಕ. ಆರು ಮಿಲಿಮೀಟರ್ ಆ್ಯಂಗಲ್ಲಿಗೆ 14 ಹಲ್ಲಿನದು ಹಾಕಿದರೆ ಮೂರು ಹಲ್ಲು ಕಚ್ಚುತ್ತವೆ. ಮೂರು ಮಿಲಿಮೀಟರ್ ದಪ್ಪದ ಜಿಐ ಪೈಪಿಗೆ 18ರದ್ದು. ಮಾಡಿನ ತಗಡಿಗೆ 24ರದ್ದೂ ಸಾಲದು, ತಗಡು ಅದುರಿ ಹಲ್ಲು ಉದುರುತ್ತದೆ. ಅಲ್ಲಿಗೆ ತಗಡು ಕತ್ತರಿಯೇ ಸರಿ. ನಾನು ಮೊದಮೊದಲು ಮರದ ಬ್ಲೇಡಿನಲ್ಲೇ ಪೈಪು ಕೊಯ್ಯಲು ಹೋಗಿ, ಅರ್ಧ ನಿಮಿಷದಲ್ಲಿ ಸಾಲಾಗಿ ಏಳು ಹಲ್ಲು ಕಳೆದಿದ್ದೇನೆ.

ಹಲ್ಲಿನ ಲೆಕ್ಕದ ಜೊತೆಗೆ ಬ್ಲೇಡು ಯಾವ ಉಕ್ಕಿನದು ಎಂಬುದೂ ಮುಖ್ಯ. ಬರೀ ಕಾರ್ಬನ್ ಸ್ಟೀಲಿನದು ಅಗ್ಗ, ಹಸಿ ಕೊಂಬೆಗೂ ಪಿವಿಸಿ ಪೈಪಿಗೂ ಸಾಕು, ಆದರೆ ಒಂದು ಮೊಳೆ ತಾಗಿದರೆ ಮುಗಿಯಿತು. ಬೈಮೆಟಲ್ ಎಂಬುದರಲ್ಲಿ ಬೆನ್ನು ಬಳುಕುವ ಸ್ಪ್ರಿಂಗ್ ಸ್ಟೀಲು, ಹಲ್ಲಿನ ಅಂಚು ಗಟ್ಟಿಯಾದ ಹೈಸ್ಪೀಡ್ ಸ್ಟೀಲು, ಎರಡನ್ನೂ ಬೆಸೆದಿರುತ್ತಾರೆ. ನನ್ನ ಕೆಲಸವೆಲ್ಲ ಇದರ ಮೇಲೆಯೇ. ಬೀಡುಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲಿಗೆ ಕಾರ್ಬೈಡ್ ಹಲ್ಲಿನದು ಬೇಕು.

ಅಡಿಕೆ ಮರದ ವಿಷಯ ಹೇಳಲೇಬೇಕು. ಹಳದಿ ಎಲೆ ರೋಗಕ್ಕೆ ಸತ್ತ ಮರ ಕೊಯ್ಯುವುದು ನಮ್ಮಲ್ಲಿ ತಪ್ಪದ ಕೆಲಸವಾಗಿಬಿಟ್ಟಿದೆ. ನೋಡಲು ಮೆದು ಎನಿಸುತ್ತದೆ, ಒಳಗೆ ನೀರು ಕುಡಿದ ನಾರು. ಹೊರಗಿನ ಒಂದಿಂಚು ಮಾತ್ರ ಕಲ್ಲು. ಆ ನಾರಿನಲ್ಲಿ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಹಲ್ಲಿನ ಮೊನೆ ಬೇಗ ಸವೆಯುತ್ತದೆ. ಕಾರ್ಬೈಡ್ ಹಲ್ಲಿನದು ತುಟ್ಟಿಯಾದರೂ ಹೆಚ್ಚು ಬಾಳುತ್ತದೆ. ನರಸಿಂಹರಾಜಪುರದ ಕಡೆ ರಬ್ಬರ್ ತೋಟಗಳಲ್ಲಿ ಬೇರೆಯೇ ಪಾಡು: ಹಾಲು ಅಂಟಿ ಹಲ್ಲಿನ ಗುಳಿ ಮುಚ್ಚಿಹೋಗುತ್ತದೆ, ಆಗಾಗ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಒರೆಸುವ ಮೊದಲು ಪ್ಲಗ್ ಕೀಳಿ.

ಅಮ್ಮನ ಮನೆಯಲ್ಲಿ ಮೊದಲು ಮಾಡಿದ್ದು ಮೀಟರಿನ ಫ್ಯೂಸು ತೆಗೆಸಿದ್ದು. ಹಳೇ ಮನೆಗಳಲ್ಲಿ ವೈರು ಮರದ ಪಟ್ಟಿಯ ಹಿಂದೆ ಎಲ್ಲಿ ಓಡಿದೆ ಎಂದು ಹೇಳಲಾಗದು. ನಮ್ಮ ಮಿಷನ್ನಿಗೆ ಜನರೇಟರ್ ತಂದಿದ್ದೆವು. ಹಂಚು ಇಳಿಸಿದ ಮೇಲೆ ತೆಳ್ಳನೆಯ, ಒಂಬತ್ತು ಇಂಚಿನ, 14 ಹಲ್ಲಿನ ಬೈಮೆಟಲ್ ಬ್ಲೇಡು ಹಾಕಿದೆ. ದಪ್ಪ ಬ್ಲೇಡು ಗಟ್ಟಿ ನಿಜ, ಸಂದಿಗೆ ಹೋಗುವುದಿಲ್ಲ. ರೀಪಿನ ಕೆಳಗೆ ಸಣ್ಣ ಬೆಣೆ ಹೊಡೆದು ಎರಡು ಮಿಲಿಮೀಟರ್ ಬಾಯಿ ಬಿಡಿಸಿ, ಬ್ಲೇಡನ್ನು ಪಕಾಸಿಗೆ ಒತ್ತಿ ಬಳುಕಿಸಿ ತೂರಿಸಿದೆ. ಹಲ್ಲು ನಮ್ಮ ಕಡೆಗೆ ಎಳೆಯುವಾಗ ಕೊಯ್ಯುತ್ತದೆ. ಶೂ ಮರಕ್ಕೆ ಒತ್ತಿಕೊಂಡೇ ಇರಬೇಕು, ಸಡಿಲ ಬಿಟ್ಟರೆ ಇಡೀ ಮಿಷನ್ ಕೈಯಲ್ಲಿ ಕುಣಿಯುತ್ತದೆ. ಮರದಲ್ಲಿ ಓಡುವಾಗ ಗರಗರ ಸದ್ದು. ಮೊಳೆ ಸಿಕ್ಕಿದ ಕ್ಷಣ ಅದು ಕಿರ್ರೆಂದು ಸಣ್ಣಗಾಗುತ್ತದೆ, ಅಲ್ಲಿ ವೇಗ ತಗ್ಗಿಸಬೇಕು. ಪೂರ್ತಿ ವೇಗದಲ್ಲಿ ಹೋದರೆ ಹಲ್ಲು ಕಾದು ನೀಲಿಯಾಗಿ ಸತ್ತುಹೋಗುತ್ತದೆ. ಎರಡು ಹನಿ ಎಣ್ಣೆ, ಹತ್ತು ಎಣಿಸುವಷ್ಟು ಹೊತ್ತು, ಸದ್ದು ಮತ್ತೆ ಗರಗರಕ್ಕೆ ಇಳಿಯಿತು. ರೀಪು ತಾನಾಗಿ ಕೈಗೆ ಬಂತು.

ಒಂದೇ ಜಾಗದ ಹಲ್ಲು ಸವೆದಾಗ ಶೂವನ್ನು ಸ್ವಲ್ಪ ಮುಂದೆ ಸರಿಸಿದರೆ ಬ್ಲೇಡಿನ ತುದಿಯ ಕಡೆಯ ಹೊಸ ಹಲ್ಲು ಕೆಲಸಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಮಿಷನ್ ಕೆಳಗಿಟ್ಟು ಕೈ ಬದಲಾಯಿಸಿದೆವು, ಇಲ್ಲದಿದ್ದರೆ ಅದುರುವಿಕೆಗೆ ಬೆರಳು ಜೋಮು ಹಿಡಿಯುತ್ತದೆ. ಆರನೇ ದಿನಕ್ಕೆ ಮಾಡು ಪೂರ್ತಿ ಅಂಗಳಕ್ಕೆ ಇಳಿಯಿತು. ಕೊಯ್ದ ಮೊಳೆಗಳ ತುಂಡು ಪಕಾಸುಗಳ ಒಳಗೇ ಉಳಿದಿದ್ದವು. ಮುಂದೆ ಅದೇ ಮರಕ್ಕೆ ಕೀಸುಳಿ ಹಿಡಿಯುವವನ ಅಲಗು ಮುರಿಯಬಾರದು ಎಂದು, ಒಂದೊಂದು ಮೊಳೆ ತುಂಡಿನ ಮೇಲೂ ಕೆಂಪು ಬಣ್ಣದ ಚುಕ್ಕೆ ಇಡುತ್ತಾ ಹೋದೆ. ಅಮ್ಮ ಬಣ್ಣದ ಡಬ್ಬಿ ಹಿಡಿದುಕೊಂಡು ಹಿಂದೆ ಬಂದರು.